ಫ್ರಿಜ್ಜಿನ ಬೀಗದ ಕೈ

ಕೈಸೇರಿಯಲ್ಲಿ ಆ ವರ್ಷ ಎರ್ಜಿಯೆಸ್ ಬೆಟ್ಟದ ಹಿಮ
ನಮ್ಮ ಬೀದಿಯವರೆಗೂ ಇಳಿದು ಬಂದಿತ್ತು.
ಅಪ್ಪ ಫ್ರಿಜ್ಜಿಗೆ ಸೈಕಲ್ಲಿನ ಚೈನು ಸುತ್ತಿದ.
ಬೀಗದ ಕೈ ನನ್ನ ಕೊರಳಿಗೆ ಬಂತು,
ಹನ್ನೊಂದು ವರ್ಷದವಳ ಕೊರಳಿಗೆ.
ಅಮ್ಮನಿಗೆ ಕೊಡುವ ಹಾಗಿಲ್ಲ,
ಅವನು ಅತ್ತರೆ ಅವಳು ತೆರೆದುಬಿಡುತ್ತಾಳೆ.

ನನ್ನ ತಮ್ಮ ಅಲ್ಪೆರೆನ್. ನಾಲ್ಕು ವರ್ಷ. ಮೂವತ್ತೊಂಬತ್ತು ಕಿಲೋ.
ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಕರಕರ ಸದ್ದು.
ದೀಪ ಹಾಕಿದೆ:
ಬೇಯಿಸದೆ ಒಣಗಿಸಿಟ್ಟ ಮಂತಿಯ ಹಿಟ್ಟಿನ ಗಂಟುಗಳನ್ನು
ಕಲ್ಲುಸಕ್ಕರೆಯಂತೆ ಕಡಿಯುತ್ತಾ ಕೂತಿದ್ದ.
ಕಣ್ಣಲ್ಲಿ ಆಸೆ ಇರಲಿಲ್ಲ. ಭಯ ಇತ್ತು.
ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಕೆಳಮನೆಯ ಮುಕದ್ದೆರ್ ಅತ್ತೆ ಮೆಟ್ಟಿಲಲ್ಲಿ ನಿಂತು ಅಂದಳು:
"ಹೊತ್ತುಗೊತ್ತಿಲ್ಲದೆ ತುರುಕಿದರೆ ಇನ್ನೇನಾಗುತ್ತೆ?"
ಬಕೆಟ್ಟು ಕೆಳಗಿಡದೆ ಕೇಳಿಸಿಕೊಂಡಳು ಅಮ್ಮ,
ಸಾಕಿ ಸಾಕಾದವಳು,
ಮಗನ ಬಾಯಲ್ಲಿ ಒಮ್ಮೆಯೂ
ಸಾಕು ಅನ್ನುವ ಮಾತು ಕೇಳದವಳು.

ಅಂಕಾರಾದ ಬಸ್ಸು. ರಕ್ತದ ಸೀಸೆ. ಏಳು ವಾರ.
ಡಾಕ್ಟರ್ ನಿಲ್ಗ್ಯುನ್ ಪೆನ್ಸಿಲ್ಲಿನಲ್ಲಿ ಒಂದು ತಲೆ ಬರೆದರು,
ಅದರ ಬುಡದಲ್ಲಿ ಕಡಲೆಯಷ್ಟು ಚುಕ್ಕೆ.
"ಇಲ್ಲಿ ಲೆಕ್ಕದವಳೊಬ್ಬಳು ಕೂತಿರುತ್ತಾಳೆ.
ಹೊತ್ತು ಹೊತ್ತಿನ ಹಸಿವನ್ನು ಹೊಟ್ಟೆಯೇ ಕೂಗಿ ಹೇಳುತ್ತೆ,
ಗ್ರೆಲಿನ್ ಅಂತ ಆ ಕೂಗಿಗೆ ಹೆಸರು.
ಕಣಜದಲ್ಲಿ ಎಷ್ಟಿದೆ ಅಂತ ತಿಳಿಸುವುದು ಮಾತ್ರ ಕೊಬ್ಬಿನ ಕೆಲಸ.
ಅದು ಬರೆಯುವ ಕಾಗದ ಲೆಪ್ಟಿನ್.
ಇವನ ಕೊಬ್ಬಿಗೆ ಬರೆಯಲು ಬರುವುದಿಲ್ಲ."

ಮೂವತ್ತೊಂಬತ್ತು ಕಿಲೋ, ಒಂದು ಸಾಲಿಲ್ಲ!
ಕಣಜ ಬಿರಿಯುತ್ತಿತ್ತು,
ಲೆಕ್ಕದವಳ ಪುಸ್ತಕದಲ್ಲಿ ಬರಗಾಲ.
ಬರಗಾಲದಲ್ಲಿ ಯಜಮಾನಿ ಮಾಡುವುದನ್ನೇ ಅವಳೂ ಮಾಡಿದಳು:
ಜ್ವರ ಕಾಯುವ ಕಾವಲುಗಾರರ ಸಂಬಳ ಕಡಿದಳು,
ಸಿಕ್ಕಿದ್ದನ್ನೆಲ್ಲ ಒಳಗೆ ಹಾಕು, ಹಾಕು ಅಂದಳು.

ಅಪ್ಪ ಅಮ್ಮ ಅಣ್ಣತಮ್ಮಂದಿರ ಮಕ್ಕಳು.
ಒಬ್ಬನೇ ಅಜ್ಜನಿಂದ ಒಂದೇ ಕಾಗುಣಿತದ ತಪ್ಪು
ಇಬ್ಬರೊಳಗೂ ಸದ್ದಿಲ್ಲದೆ ಇಳಿದಿತ್ತು.
ಅಪ್ಪ ಕೇಳಿದ್ದು ಇಷ್ಟೇ:
"ಹಾಗಾದರೆ ಇವಳು ಜಾಸ್ತಿ ಬಡಿಸಿದ್ದಲ್ಲವೇ?"
ಅಮ್ಮ ಕಿಟಕಿಯ ಕಡೆ ತಿರುಗಿದಳು.

ಸೂಜಿ ಶುರುವಾದ ಐದನೆಯ ಬೆಳಿಗ್ಗೆ.
ಆಲಿವ್, ಚೀಸು, ಎಳ್ಳು ಮೆತ್ತಿದ ಸಿಮಿತ್.
ತಟ್ಟೆ ಸರಿಸಿದ. ಬಳೆಯಂಥ ರೊಟ್ಟಿಯಲ್ಲಿ ಅರ್ಧ ಉಳಿದಿತ್ತು.
ಮೇಜಿನ ಕೆಳಗೆ ಬೆಕ್ಕಿನ ಬಾಲ ನೋಡುತ್ತಾ
ಏನೂ ಆಗಿಲ್ಲವೆಂಬಂತೆ ಅಂದ:
ಸಾಕು.

ಆ ತುಂಡನ್ನು ಅಮ್ಮ ಎಸೆಯಲಿಲ್ಲ, ತಿನ್ನಲೂ ಇಲ್ಲ.
ಕರವಸ್ತ್ರದಲ್ಲಿ ಸುತ್ತಿ ಎತ್ತಿಟ್ಟಳು.
ಜೂನಿನವರೆಗೂ ಇತ್ತು, ಕಲ್ಲಾಗಿ.

ಈಗ ನನಗೆ ಮೂವತ್ತು. ತೊಂಬತ್ತೆಂಟು ಕಿಲೋ.
ಅವನು ಹೊರಡುವ ಟ್ರಾಮಿನ ಹಿಂದೆ ಓಡಿ ಹತ್ತುತ್ತಾನೆ.
ಆ ಸೂಜಿ ನನಗೂ ಕೊಡಿ ಅಂದೆ ಡಾಕ್ಟರಿಗೆ,
ಅರ್ಧ ನಗುತ್ತಾ.
"ನಿನ್ನ ಕೊಬ್ಬು ಬರೆಯುತ್ತಮ್ಮ, ದಿನಾ, ಪುಟಗಟ್ಟಲೆ.
ಓದುವವಳಿಗೇ ಕಣ್ಣು ಮಂಜಾಗಿದೆ."

ಮಂಜು ಕಣ್ಣಿನ ಅವಳು
ಹೋದ ವರ್ಷ ನಾನು ಹತ್ತು ಕಿಲೋ ಇಳಿಸಿದ್ದನ್ನು ಮಾತ್ರ
ಅದು ಹೇಗೋ ತಕ್ಷಣ ಕಂಡಳು.
ಬರ ಬಂತೆಂದು ಊರೆಲ್ಲ ಡಂಗುರ ಹೊಡೆಸಿದಳು.
ಹನ್ನೆರಡು ಮರಳಿ ಬಂದವು.
ಮುಕದ್ದೆರ್ ಅತ್ತೆಗೆ ಎಂಬತ್ತು ದಾಟಿದೆ,
ಮೆಟ್ಟಿಲಲ್ಲಿ ಈಗಲೂ ನಿಲ್ಲುತ್ತಾಳೆ,
ನಾನು ಹತ್ತುವಾಗ ಉಸಿರು ಎಣಿಸುತ್ತಾಳೆ.

ಚೈನು ಯಾವಾಗಲೋ ಗುಜರಿಗೆ ಹೋಯಿತು.
ಆದರೂ ಕೆಲವು ರಾತ್ರಿ, ಎರಡು ಗಂಟೆಗೆ,
ಫ್ರಿಜ್ಜಿನ ಹಳದಿ ಬೆಳಕಿನಲ್ಲಿ ಬರಿಗಾಲಲ್ಲಿ ನಿಂತಾಗ
ಕೈ ತಾನಾಗಿ ಮೇಲೆ ಹೋಗುತ್ತದೆ,
ಕೊರಳಲ್ಲಿ ಹುಡುಕುತ್ತದೆ.